ಮೋಡ ಕವಿದರೆ ಕಪ್ಪಾಗುವ ಪರದೆ

ತಂತಿಯಣ್ಣನ ಸುದ್ದಿ ಮೊದಲ ಸಲ ಕಿವಿಗೆ ಬಿದ್ದಾಗ ಬೀಗದಮ್ಮ ಆಸ್ಪತ್ರೆಯ ಹಿತ್ತಲ ನಲ್ಲಿಯ ಹತ್ತಿರ ನೆಲ ಒರೆಸುವ ಬಟ್ಟೆ ಹಿಂಡುತ್ತಿದ್ದಳು. ಚೀಟಿ ಕೊಡುವ ಗುಮಾಸ್ತ ಚಹಾದ ಲೋಟ ಹಿಡಿದುಕೊಂಡೇ ಅಲ್ಲಿಗೆ ಬಂದ. ಹೊಸ ಸುದ್ದಿ ಸಿಕ್ಕರೆ ಅವನಿಗೆ ಚಹಾ ಆರಿದ್ದೂ ಗೊತ್ತಾಗುತ್ತಿರಲಿಲ್ಲ.

"ಬೀಗದಮ್ಮ, ಕೇಳಿದಿರಾ? ನಾಳೆಯಿಂದ ಹೊಸಬ ಬರ್ತಾನಂತೆ. ಕಂಪ್ಯೂಟರು, ವೈರು, ಫೋನು ಎಲ್ಲ ನೋಡ್ಕೊಳ್ಳೋನು. ಅವನ ಸಂಸಾರ ಯಾರ ಜೊತೆ ಗೊತ್ತಾ?"

"ಹೆಂಡತಿ ಜೊತೆ. ಇನ್ಯಾರ ಜೊತೆ?"

"ಹೆಂಡತಿ ತೀರಿಹೋಗಿ ನಾಲ್ಕು ವರ್ಷ ಆಯ್ತು. ಅತ್ತೆ ಜೊತೆ! ಬೇರೆ ಗಂಡಸರು ಹೆಂಡತಿ ಇದ್ದಾಗಲೇ ಅತ್ತೆ ಬಂದ್ರೆ ಹಿಂಬಾಗಿಲಿಂದ ಓಡಿಹೋಗ್ತಾರೆ. ಈ ಪುಣ್ಯಾತ್ಮ ಹೆಂಡತಿ ಹೋದ ಮೇಲೂ ಅತ್ತೇನ ಮನೇಲಿ ಇಟ್ಕೊಂಡಿದ್ದಾನೆ."

"ಅವನು ಇಟ್ಕೊಂಡಿದ್ದಾನೋ, ಅವಳು ಇವನನ್ನ ಇಟ್ಕೊಂಡಿದ್ದಾಳೋ, ನೀನು ನೋಡಿ ಬಂದ್ಯಾ?" ಎಂದು ಬೀಗದಮ್ಮ ಬಟ್ಟೆ ಕೊಡವಿದಳು. ಗುಮಾಸ್ತನ ಚಹಾದೊಳಕ್ಕೆ ನಾಲ್ಕು ಹನಿ ಬಿತ್ತು.

ಬೀಗದಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹೊರರೋಗಿಗಳ ವಿಭಾಗದ ಹದಿನೇಳು ಬಾಗಿಲುಗಳ ಕೀಲಿಗೊಂಚಲು ಅವಳ ಸೊಂಟದಲ್ಲಿ ನೇತಾಡುತ್ತಿತ್ತು, ಅದಕ್ಕೆ ಆ ಹೆಸರು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ಗುಡಿಸಿ ಒರೆಸುವುದು, ಸಂಜೆ ಎಲ್ಲ ದೀಪ, ಫ್ಯಾನು, ಯಂತ್ರಗಳನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ ಬೀಗ ಜಡಿಯುವುದು ಅವಳ ಕೆಲಸ. ಗೋಡೆಯ ಸ್ವಿಚ್ಚಿನ ವಿಷಯದಲ್ಲಿ ಅವಳು ಬಹಳ ಕಟ್ಟುನಿಟ್ಟು. ಅವಳ ಗಂಡ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿದ್ದ. ಒಂದು ದಿನ ಒದ್ದೆ ನೆಲದ ಮೇಲೆ ನಿಂತು ಸ್ವಿಚ್ಚಿಗೆ ಕೈ ಹಾಕಿದ. ಆ ಕೈಯನ್ನು ಬೇರೆಯವರು ಕೋಲಿನಿಂದ ಬಿಡಿಸಬೇಕಾಯಿತು. ಅಂದಿನಿಂದ ನೆಲ ಪೂರ್ತಿ ಒಣಗದೆ ಅವಳು ಸ್ವಿಚ್ಚಿನ ಹತ್ತಿರ ಸುಳಿಯುತ್ತಿರಲಿಲ್ಲ. ಯಾರು ಎಷ್ಟೇ ಅವಸರ ಮಾಡಿದರೂ ಅಷ್ಟೆ.

ಮಾರನೆಯ ದಿನ ಅವನು ಬಂದ. ಸಣ್ಣ ಆಳು, ಐವತ್ತರ ಆಸುಪಾಸು. ಕೊರಳಿಗೆ ಸುತ್ತಿದ ತಂತಿಯ ಸುರುಳಿ, ಜೇಬಿನಲ್ಲಿ ಸ್ಕ್ರೂಡ್ರೈವರು, ಕೈಯಲ್ಲಿ ಊಟದ ಡಬ್ಬಿ. ಎರಡೇ ದಿನದಲ್ಲಿ ಎಲ್ಲರೂ ಅವನನ್ನು ತಂತಿಯಣ್ಣ ಎಂದು ಕರೆಯತೊಡಗಿದರು. ಅವನ ಊಟದ ಡಬ್ಬಿಯದು ಒಂದು ದೊಡ್ಡ ಕಥೆ. ಅತ್ತೆ ಅದರ ಮುಚ್ಚಳವನ್ನು ಎಷ್ಟು ಬಿಗಿಯಾಗಿ ಹಾಕುತ್ತಿದ್ದಳೆಂದರೆ, ಮಧ್ಯಾಹ್ನ ಅದನ್ನು ತೆಗೆಯುವುದಕ್ಕೆ ಅವನು ಇಕ್ಕಳ ಹಿಡಿಯಬೇಕಾಗುತ್ತಿತ್ತು.

"ಬೆಳಿಗ್ಗೆ ಜಗಳ ಆಗಿದ್ರೆ ಬಿಗಿ, ಆಗದಿದ್ರೆ ಸಡಿಲ," ಎನ್ನುತ್ತಿದ್ದ.

"ಸಡಿಲ ಆಗಿದ್ದು ಯಾವಾಗ?"

"ಒಂದು ಸಲ ಆಗಿತ್ತು ಅಕ್ಕ. ಆವತ್ತು ಅವರಿಗೆ ಜ್ವರ."

ಬೀಗದಮ್ಮ ಅವನ ಮನೆಗೆ ಹೋಗಿ ಅತ್ತೆಯನ್ನು ನೋಡಿದ್ದು ಮರುವರ್ಷ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ, ಹದಿಮೂರು ಮೆಟ್ಟಿಲು. ಕಿಟಕಿಯ ಪಕ್ಕ ಮಗಳ ಫೋಟೋ, ಫೋಟೋದ ಕೆಳಗೆ ಮುದುಕಿಯ ಮಂಚ. ಎಂಬತ್ತರ ಹತ್ತಿರದ ಮುದುಕಿ, ಕಡ್ಡಿಯಂಥ ಮೈ, ಕತ್ತಿಯಂಥ ನಾಲಿಗೆ.

"ನನ್ನ ಮಗಳು ಇವನನ್ನ ನೋಡಿ ಬಯಸಿ ಮಾಡ್ಕೊಂಡ್ಲು. ನಾನು ಬೇಡ ಅಂದೆ. ನೋಡಿ, ಅವಳು ಬಿಟ್ಟುಹೋದ್ಲು, ಬೇಡ ಅಂದ ನಾನು ಇವನ ಬಟ್ಟೆ ಮಡಚ್ತಾ ಕೂತಿದ್ದೀನಿ!"

"ಮಡಚೋದು ನಾನು. ಅವರು ಬಿಚ್ಚಿ ಮತ್ತೆ ಮಡಚ್ತಾರೆ," ಎಂದ ಅವನು ಅಡುಗೆ ಕೋಣೆಯಿಂದ.

ಮುದುಕಿಗೆ ಬೇರೆ ಮಕ್ಕಳಿಲ್ಲ. ಅವನಿಗೂ ಯಾರೂ ಇಲ್ಲ. ಸತ್ತವಳನ್ನು ಕಣ್ಣಾರೆ ಬಲ್ಲವರು ಇಬ್ಬರೇ ಉಳಿದಿದ್ದರು. ಇಬ್ಬರೂ ಅವಳ ಹೆಸರೆತ್ತದೆ ಅವಳಿಗಾಗಿಯೇ ಜಗಳವಾಡುತ್ತಿದ್ದಂತೆ ಬೀಗದಮ್ಮನಿಗೆ ಕಂಡಿತು. ಗುಮಾಸ್ತನ ಚಹಾಕ್ಕೆ ನೀರು ಸಿಡಿಸಿದ್ದು ಒಳ್ಳೆಯದೇ ಆಯಿತು ಅಂದುಕೊಂಡು ಮೆಟ್ಟಿಲಿಳಿದಳು.

ಹೀಗೆ ಐದು ವರ್ಷ ಕಳೆಯಿತು. ಆರನೇ ವರ್ಷ, ರೋಗಿಗಳು ಸರದಿಗಾಗಿ ಕಾಯುವ ಹಾಲ್‌ನಲ್ಲಿ ದೊಡ್ಡ ಟಿವಿ ಬಂತು. ಅಲ್ಲಿಯವರೆಗೆ ಗುಮಾಸ್ತನೇ ಕಿಂಡಿಯಿಂದ ನಂಬರು ಕೂಗುತ್ತಿದ್ದ. ಕಿವಿ ಮಂದವಾದವರು, ಮಗು ಅಳುತ್ತಿದ್ದವರು, ಹೊರಗೆ ನೀರು ಕುಡಿಯಲು ಹೋದವರು ಸರದಿ ತಪ್ಪಿಸಿಕೊಂಡು ಮತ್ತೆ ಕೊನೆಗೆ ನಿಲ್ಲಬೇಕಾಗುತ್ತಿತ್ತು. ಈಗ ಚೀಟಿ ಕೋಣೆಯ ಕಂಪ್ಯೂಟರಿನಿಂದ ಗೋಡೆಯೊಳಗೆ ಉದ್ದದ ಕೇಬಲ್ ಎಳೆದು, ಹಾಲಿನ ಟಿವಿಯಲ್ಲಿ ನಂಬರೂ ಕೋಣೆಯೂ ಕಾಣುವ ಹಾಗೆ ತಂತಿಯಣ್ಣ ಮಾಡಿದ. ಆ ಕಂಪ್ಯೂಟರಿಗೆ ಅವನು ಹಾಕಿದ್ದು ಲಿನಕ್ಸ್ ಎನ್ನುವ ವ್ಯವಸ್ಥೆ. ಅದಕ್ಕೆ ಯಾರಿಗೂ ಏನೂ ಕೊಡಬೇಕಾಗಿಲ್ಲ, ಆದರೆ ಕೆಟ್ಟರೆ ಯಾರೂ ಬರುವುದೂ ಇಲ್ಲ. ತಾನೇ ಹುಡುಕಿ ತಾನೇ ಸರಿಮಾಡಬೇಕು.

ಟಿವಿ ಬಂದ ಮೊದಲ ವಾರ ಜನ ಸಿನಿಮಾ ನೋಡುವಂತೆ ನಂಬರು ನೋಡಿದರು. ಎರಡನೇ ವಾರ ಮೋಡ ಕವಿಯಿತು. ಆ ಬೆಳಿಗ್ಗೆ ಟಿವಿ ಕಪ್ಪಾಗಿಯೇ ಉಳಿಯಿತು. ಒಳಗಿನ ಸಣ್ಣ ಪರದೆ ಸರಿಯಾಗಿತ್ತು, ಹಾಲಿನದು ಮಾತ್ರ ಇಲ್ಲ. ಗುಮಾಸ್ತ ಕೂಗಿದ, ಜನ ನುಗ್ಗಿದರು. ತಂತಿಯಣ್ಣ ಓಡಿ ಬಂದು ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದ. ಟಿವಿ ಬಂತು!

ಮಾರನೆಯ ದಿನ ಬಿಸಿಲು. ಟಿವಿ ತಾನಾಗಿಯೇ ಬಂತು. ಮೂರನೇ ದಿನ ಮೋಡ, ಮತ್ತೆ ಕಪ್ಪು.

"ಮೋಡ ಕಂಡ್ರೆ ಹೆದರೋ ಟಿವಿ ಇದು," ಎಂದು ಗುಮಾಸ್ತ ನಕ್ಕ. "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ" ಎಂದು ಮೊದಮೊದಲು ಹೇಳುತ್ತಿದ್ದ ತಂತಿಯಣ್ಣನೂ ಎರಡು ತಿಂಗಳಾದ ಮೇಲೆ ಆ ಮಾತು ಬಿಟ್ಟ. ಕಾಗೆ ಕೂತಾಗಲೆಲ್ಲ ಕೊಂಬೆ ಮುರಿಯುತ್ತಿತ್ತು. ಗೋಡೆಯೊಳಗೆ ತೇವ ಇಳಿದು ಕೇಬಲ್ ಕೆಡುತ್ತಿದೆ, ಯಂತ್ರ ಬಿಸಿಯಾದ ಮೇಲೆ ಸರಿಹೋಗುತ್ತಿದೆ ಎಂದು ಅವನು ಲೆಕ್ಕ ಹಾಕಿದ. ಕೇಬಲ್ ಬದಲಾಯಿಸಿದ. ತುದಿಗಳಿಗೆ ಟೇಪು ಸುತ್ತಿದ. ಗೋಡೆ ಅಗೆದು ಕೊಳವೆ ಹಾಕಿ ಅದರೊಳಗೆ ಕೇಬಲ್ ಇಳಿಸಿದ. ಮೋಡ ಬಂತು, ಟಿವಿ ಬರಲಿಲ್ಲ.

ಅಷ್ಟರಲ್ಲಿ ಬೀಗದಮ್ಮ ಇನ್ನೊಂದನ್ನು ಗಮನಿಸಿದ್ದಳು. ತಂತಿಯಣ್ಣ ಪ್ಲಗ್ಗಿನ ತೂತನ್ನು ಬೆರಳಿನಿಂದ ತಡವಿ ಹುಡುಕುತ್ತಿದ್ದ. ಒಂದು ದಿನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ. ಅದು ಲೋಟದ ಪಕ್ಕಕ್ಕೆ ಬಿತ್ತು, ಅವನು ಬಗ್ಗಿಸುತ್ತಲೇ ಇದ್ದ. ಬೀಗದಮ್ಮ ಲೋಟವನ್ನು ಧಾರೆಯ ಕೆಳಗೆ ಸರಿಸಿದಳು. ಸದ್ದು ಬದಲಾದದ್ದು ಅವನಿಗೆ ಗೊತ್ತಾಯಿತು.

ಫ್ಲಾಸ್ಕು ಕೆಳಗಿಟ್ಟು ಕೇಳಿದ: "ಅಕ್ಕ, ಹದಿನೇಳು ಬಾಗಿಲಿಗೆ ಬೀಗ ಹಾಕ್ತೀರಿ. ಬಾಯಿಗೂ ಒಂದು ಇದೆಯಾ?"

"ಇದೆ. ಅದರ ಕೀಲಿ ಮಾತ್ರ ಗೊಂಚಲಲ್ಲಿ ಇಲ್ಲ."

"ಎರಡು ವರ್ಷದಿಂದ ಪಕ್ಕದಲ್ಲಿ ಇರೋದು ಕಾಣ್ತಿರಲಿಲ್ಲ. ಈಗ ಎದುರಿಗಿರೋದೂ ಮಸುಕು. ದೊಡ್ಡ ಡಾಕ್ಟರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ. ನನ್ನದೇನು, ಎಲ್ಲಾದರೂ ಬಿದ್ದಿರ್ತೀನಿ. ಅತ್ತೇನ ಯಾರು ನೋಡ್ತಾರೆ? ಆ ನಾಲಿಗೆ ಇಟ್ಕೊಂಡು ಅವರು ಯಾರ ಮನೆಗೆ ಹೋಗ್ತಾರೆ ಹೇಳಿ?"

"ಆಸ್ಪತ್ರೇಲಿ ಇದ್ದುಕೊಂಡು ಒಬ್ಬ ಡಾಕ್ಟರಿಗೂ ಕಣ್ಣು ತೋರಿಸಿಲ್ವಾ ತಮ್ಮ? ದೀಪದ ಕೆಳಗೆ ಕತ್ತಲೆ ಅಂದ್ರೆ ಇದೇ."

"ತೋರಿಸಿದ ದಿನವೇ ಗೊತ್ತಾಗುತ್ತಲ್ಲ. ಅದಕ್ಕೇ."

ಬೀಗದಮ್ಮ ಆ ಕ್ಷಣದಲ್ಲಿ ಅವನ ಕೈ ಹಿಡಿದು ಎಳೆದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಬಾಯಿಗೆ ಬೀಗ ಇದೆ ಎಂದು ಹೇಳಿಬಿಟ್ಟಿದ್ದಳಲ್ಲ. ಆ ಒಂದು ಮಾತಿಗೆ ಅವಳು ಆಮೇಲೆ ಎಷ್ಟು ಸಲ ನಾಲಿಗೆ ಕಚ್ಚಿಕೊಂಡಿದ್ದಾಳೋ.

ಹೀಗಿರುವಾಗ ಒಂದು ಮೋಡದ ದಿನ ಕಿವಿ ಕೇಳದ ಒಬ್ಬ ಅಜ್ಜ ಬೆಳಿಗ್ಗೆ ಏಳರಿಂದ ಮಧ್ಯಾಹ್ನದವರೆಗೆ ಕಪ್ಪು ಟಿವಿಯನ್ನೇ ನೋಡುತ್ತ ಕೂತುಬಿಟ್ಟ. ತಂತಿಯಣ್ಣ ಅಂದು ಮೇಲಿನ ಮಹಡಿಯ ಫೋನು ಸರಿಮಾಡುತ್ತಿದ್ದುದರಿಂದ ಕಂಪ್ಯೂಟರನ್ನು ಆರಿಸಿ ಹಾಕುವುದು ತಡವಾಗಿತ್ತು. ಗುಮಾಸ್ತ ಅಜ್ಜನ ನಂಬರು ಮೂರು ಸಲ ಕೂಗಿದ್ದ. ಟಿವಿ ಬರುವ ಹೊತ್ತಿಗೆ ನಂಬರು ಮುಂದೆ ಹೋಗಿತ್ತು. ಅಜ್ಜ ತಲೆಸುತ್ತಿ ಬೆಂಚಿನಿಂದ ಬಿದ್ದ. ಜೀವಕ್ಕೇನೂ ಆಗಲಿಲ್ಲ, ಆದರೆ ಆಸ್ಪತ್ರೆಯ ಉಸ್ತುವಾರಿ ಹೊತ್ತ ದೊಡ್ಡ ಡಾಕ್ಟರು ಕೆಳಗಿಳಿದು ಬಂದರು. ಕೂಗಾಡುವ ಹೆಂಗಸಲ್ಲ ಆಕೆ. ಕಡ್ಡಿ ಮುರಿದಂತೆ ಹೇಳಿದರು: "ಇನ್ನೊಂದು ತಿಂಗಳು ಸಮಯ ಕೊಡ್ತೀನಿ. ಅಷ್ಟರೊಳಗೆ ಸರಿಹೋಗದಿದ್ರೆ ಇಡೀ ಕೆಲಸ ಹೊರಗಿನ ಕಂಪನಿಗೆ ಕೊಡ್ತೀನಿ. ಆಗ ನೀವು ಬೇಕಾಗಲ್ಲ."

ಮಾರನೆಯ ದಿನ ಬೆಳಿಗ್ಗೆ ಆರಕ್ಕೇ ತಂತಿಯಣ್ಣ ಬಾಗಿಲಲ್ಲಿ ನಿಂತಿದ್ದ.

"ಅಕ್ಕ, ಎಲ್ಲಿಯವರೆಗೆ ಓದಿದ್ದೀರಿ?"

"ಮೂರನೇ ಕ್ಲಾಸು. ಅದರಲ್ಲೂ ಅರ್ಧ ವರ್ಷ ತಮ್ಮನ್ನ ಎತ್ಕೊಂಡು ಬಾಗಿಲ ಹೊರಗೆ ನಿಂತು ಕಲಿತದ್ದು."

"ಸಾಕು. ಬನ್ನಿ, ನನಗೆ ಒಂದು ಓದಿ ಹೇಳಿ."

"ಕಂಪ್ಯೂಟರಿನ ಅಕ್ಷರ ನನಗೆಲ್ಲಿ ಬರುತ್ತೆ?"

"ಬರೋದು ಬೇಡ. ಹೇಗೆ ಕಾಣುತ್ತೋ ಹಾಗೆ ಹೇಳಿ. ಉಳಿದದ್ದು ನನಗೆ ಗೊತ್ತಾಗುತ್ತೆ."

ಕಂಪ್ಯೂಟರಿನ ಮುಂದೆ ಕೂತು ಅವನು ವಿವರಿಸಿದ. ಯಂತ್ರ ಎದ್ದ ತಕ್ಷಣ ಅವನು ಬರೆದಿಟ್ಟ ಒಂದು ಸ್ಕ್ರಿಪ್ಟು ಏಳುತ್ತದೆ. ಸ್ಕ್ರಿಪ್ಟು ಎಂದರೆ ಇದು ಮಾಡು, ಆಮೇಲೆ ಅದು ಮಾಡು ಎಂದು ಯಂತ್ರಕ್ಕೆ ಸಾಲುಸಾಲಾಗಿ ಬರೆದುಕೊಟ್ಟ ಚೀಟಿ. ಅದು ಕೇಬಲ್ ಚುಚ್ಚುವ ಒಂದೊಂದು ಜಾಗಕ್ಕೂ ಹೋಗಿ, ಇಲ್ಲಿ ಪರದೆ ಇದೆಯಾ ಎಂದು ಕೇಳುತ್ತದೆ. ಹೂಂ ಎಂದ ಕಡೆಗೆ ಚಿತ್ರ ಕಳಿಸುತ್ತದೆ. ಸುಮ್ಮನಿದ್ದ ಕಡೆ 'ಇಲ್ಲ' ಎಂದು ಬರೆದುಕೊಂಡು ಮುಂದೆ ಹೋಗುತ್ತದೆ.

"ಜನಗಣತಿಯೋರ ಹಾಗೆ," ಎಂದಳು ಬೀಗದಮ್ಮ. "ಒಂದು ಸಲ ಅವರು ಬಂದಾಗ ನಾನು ನೀರಿಗೆ ಹೋಗಿದ್ದೆ. ಬಾಗಿಲು ಬಡಿದು, ಈ ಮನೇಲಿ ಯಾರೂ ಇಲ್ಲ ಅಂತ ಬರ್ಕೊಂಡು ಹೋಗೇಬಿಟ್ರು. ಹತ್ತು ವರ್ಷ ನಾನು ಲೆಕ್ಕದಲ್ಲೇ ಇರಲಿಲ್ಲ!"

ತಂತಿಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅವರು ಹುಡುಕುತ್ತಿದ್ದ ಉತ್ತರ ಆ ಮಾತಿನಲ್ಲೇ ಇತ್ತು. ಇಬ್ಬರಿಗೂ ಹೊಳೆಯಲಿಲ್ಲ.

ಪ್ರತಿ ದಿನ ಯಾರು ಹೂಂ ಎಂದರು, ಯಾರು ಎನ್ನಲಿಲ್ಲ ಎಂದು ಸ್ಕ್ರಿಪ್ಟು ಬರೆದಿಟ್ಟಿದ್ದ ಪಟ್ಟಿಯನ್ನು ಅವನು ಪರದೆಯ ಮೇಲೆ ತೆಗೆದ. ಬೀಗದಮ್ಮ ಕನ್ನಡಕ ಏರಿಸಿ, ಮೂಗು ಪರದೆಗೆ ತಾಗುವಷ್ಟು ಬಗ್ಗಿದಳು.

"ಇಲ್ಲಿ ಎರಡು ಮಾತು ಇವೆ. ಇಬ್ಬರದೂ ಬಾಲ ಒಂದೇ, ತಲೆ ಬೇರೆ. ಕೆಳಗಿನೋನಿಗೆ ಮುಂದೆ ಮೂರು ಅಕ್ಷರ ಹೆಚ್ಚಿಗೆ ಅಂಟಿವೆ."

"ಯಾವ ಮೂರು?"

"ಹೊಟ್ಟೆ ಮುಂದೆ ಬಿಟ್ಕೊಂಡು ಕಂಬಕ್ಕೆ ಒರಗಿ ನಿಂತೋನು ಒಬ್ಬ. ಆಮೇಲೆ ತಲೆ ಮೇಲೆ ಚುಕ್ಕೆ ಇರೋ ಕಡ್ಡಿ. ಆಮೇಲೆ ಹಾವು."

"ಹಾಗಂದ್ರೆ 'ಇಲ್ಲ' ಅಂತ. ಆ ಹೊಟ್ಟೆಯವನು ಬಂದ ದಿನಗಳನ್ನೆಲ್ಲ ಹೇಳಿ."

ಇಪ್ಪತ್ತು ದಿನ ಹೀಗೆ ನಡೆಯಿತು. ಬೆಳಿಗ್ಗೆ ಗುಮಾಸ್ತ ಬರುವ ಮೊದಲು ಅರ್ಧ ಗಂಟೆ ಪಾಠ. ಹೊಟ್ಟೆಯವನು, ಕಡ್ಡಿ, ಹಾವು, ಏಣಿ, ಕೊಕ್ಕೆ, ಮುರಿದ ಬಳೆ ಎಂದು ಬೀಗದಮ್ಮ ಒಂದೊಂದಕ್ಕೂ ಹೆಸರಿಟ್ಟಳು. ಹೊಟ್ಟೆಯವನು ಬಂದದ್ದೆಲ್ಲ ಮೋಡದ ದಿನ. ಅಂದರೆ ಮೋಡದ ದಿನ ಸ್ಕ್ರಿಪ್ಟು ಕೇಳುವಾಗ ಹಾಲಿನ ಟಿವಿ ಓಗೊಡುತ್ತಿಲ್ಲ. ಯಾಕೆ? ಅಲ್ಲಿಗೆ ದಾರಿ ಮುಗಿಯುತ್ತಿತ್ತು.

ಕೊಟ್ಟ ತಿಂಗಳಿಗೆ ಒಂಬತ್ತು ದಿನ ಉಳಿದಿದ್ದಾಗ ಅವನು ಹೇಳಿದ: "ನಾಳೆ ಓದೋದು ಬೇಡ. ನಾನು ಹಾಲಿನ ಬೆಂಚಿನ ಮೇಲೆ ಸುಮ್ಮನೆ ಕೂತಿರ್ತೀನಿ. ನೀವು ದಿನಾ ಹೇಗೆ ಕೆಲಸ ಮಾಡ್ತೀರೋ ಹಾಗೇ ಮಾಡಿ. ನಾನಿದ್ದೀನಿ ಅನ್ನೋದು ಮರೆತುಬಿಡಿ."

ಮೊದಲ ದಿನ ಬಿಸಿಲು. ಅವನು ಕಣ್ಣು ಮುಚ್ಚಿ ಕೂತ. ಬೀಗದಮ್ಮ ಹಾಲು ಗುಡಿಸಿದಳು, ಒರೆಸಿದಳು, ಬಾಗಿಲು ತೆರೆದಿಟ್ಟು ನೆಲ ಒಣಗಿಸಿದಳು, ಟಿವಿಯ ಸ್ವಿಚ್ಚು ಹಾಕಿದಳು. ಕೊನೆಗೆ ಚೀಟಿ ಕೋಣೆಗೆ ಹೋಗಿ ಕಂಪ್ಯೂಟರು ಹಾಕಿದಳು. ಟಿವಿಯಲ್ಲಿ ನಂಬರು ಬಂತು.

ಮೂರನೇ ದಿನ ಮೋಡ. ಅವನು ಅದೇ ಬೆಂಚಿನಲ್ಲಿ ಕೂತಿದ್ದ. ಕೀಲಿಗೊಂಚಲಿನ ಸದ್ದು ಈ ಸಲ ನಿಧಾನವಾಗಿ, ಒಂದು ಕಾಲು ಎಳೆಯುತ್ತ, ಹಾಲನ್ನು ದಾಟಿ ನೇರ ಚೀಟಿ ಕೋಣೆಗೆ ಹೋಯಿತು. ಕುರ್ಚಿ ಎಳೆದ ಸದ್ದು. ಕೂತಲ್ಲೇ ಮೇಜಿನ ಧೂಳು ಹೊಡೆದ ಸದ್ದು. ಕಂಪ್ಯೂಟರಿನ ಫ್ಯಾನು ಗುಂಯ್ ಎಂದಿತು. ಆಮೇಲೆ ಬಕೆಟ್ಟು ಹಾಲಿಗೆ ಬಂತು. ಗುಡಿಸಿದ್ದು, ಒರೆಸಿದ್ದು, ನೆಲ ಒಣಗಲೆಂದು ಬಹಳ ಹೊತ್ತು ಕಾದದ್ದು. ಎಲ್ಲ ಮುಗಿದ ಮೇಲೆ ಟಿವಿಯ ಸ್ವಿಚ್ಚು 'ಟಕ್' ಎಂದಿತು.

"ಅಕ್ಕ," ಎಂದ. "ಇಲ್ಲಿ ಬನ್ನಿ. ಮೋಡ ಬಂದ್ರೆ ನಿಮಗೆ ಮಂಡಿನೋವು ಜಾಸ್ತಿನಾ?"

"ಕೇಳಬೇಡ. ಮಂಡಿಯೊಳಗೆ ಇಲಿ ಕೂತು ಕಡಿದ ಹಾಗಾಗುತ್ತೆ. ಅದಕ್ಕೇ ಅಂಥ ದಿನ ಮೊದಲು ಸಣ್ಣ ಕೋಣೇಲಿ ಕೂತು ಕೆಲಸ ಮುಗಿಸ್ತೀನಿ. ಕಾಲು ಸ್ವಲ್ಪ ಸಡಿಲ ಆದ ಮೇಲೆ ಹಾಲು."

ತಂತಿಯಣ್ಣ ನಗತೊಡಗಿದ. ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಎಂಟು ತಿಂಗಳು ನಾನು ಗೋಡೆ ಅಗೆದೆ. ತೇವ ಇದ್ದದ್ದು ಗೋಡೆಯೊಳಗಲ್ಲ, ನಿಮ್ಮ ಮಂಡಿಯೊಳಗೆ!"

ಅವನು ಬಿಡಿಸಿ ಹೇಳಿದ ಮೇಲೆ ಬೀಗದಮ್ಮನಿಗೆ ನಗು ಬರಲಿಲ್ಲ. ಮೋಡದ ದಿನ ಸ್ಕ್ರಿಪ್ಟು ಕೇಳುವ ಹೊತ್ತಿಗೆ ಟಿವಿಗೆ ಕರೆಂಟೇ ಇರುತ್ತಿರಲಿಲ್ಲ. ನೀರಿಗೆ ಹೋದವಳ ಬಾಗಿಲು ಬಡಿದ ಹಾಗೆ. ಅವಳು ಬಕೆಟ್ಟು ಪಕ್ಕಕ್ಕಿಟ್ಟು ಬೆಂಚಿನ ಮೇಲೆ ಕೂತಳು.

"ಹಾಗಾದ್ರೆ ಆ ಅಜ್ಜ ಬಿದ್ದದ್ದು ನನ್ನಿಂದ."

"ನಿಮ್ಮಿಂದ ಅಲ್ಲ. ಒಂದು ಸಲ ಕೇಳಿ, ಇಲ್ಲ ಅಂತ ಬರ್ಕೊಂಡು ಸುಮ್ಮನಾದದ್ದು ನನ್ನ ಸ್ಕ್ರಿಪ್ಟು. ಅದನ್ನ ಬರೆದೋನು ನಾನು."

"ಬಿಡು ತಮ್ಮ, ನಾಳೆಯಿಂದ ಎಷ್ಟೇ ನೋವಿದ್ರೂ ಹಾಲೇ ಮೊದಲು ಮಾಡ್ತೀನಿ. ಅಲ್ಲಿಗೆ ಸರಿಹೋಯ್ತು. ಯಾರಿಗೂ ಗೊತ್ತಾಗಲ್ಲ."

ಅಷ್ಟು ಮಾಡಿದ್ದರೆ ಸಾಕಾಗಿತ್ತು. ಟಿವಿ ಬರುತ್ತಿತ್ತು, ದೊಡ್ಡ ಡಾಕ್ಟರು ಒಪ್ಪುತ್ತಿದ್ದರು, ಅವನ ಕೆಲಸ ಉಳಿಯುತ್ತಿತ್ತು. ಬೀಗದಮ್ಮ ಈ ಮಾತನ್ನು ಬಹಳ ಸಲ ತಿರುವಿ ಹಾಕಿದ್ದಾಳೆ. ಆದರೆ ತಂತಿಯಣ್ಣ ತಲೆ ಅಲ್ಲಾಡಿಸಿದ.

"ಮಂಡಿ ನೋಡ್ಕೊಂಡು ಕೆಲಸ ಮಾಡಿ, ಯಂತ್ರ ನೋಡ್ಕೊಂಡು ಬೇಡ. ಅವಸರ ಮಾಡಿ ಒಂದು ದಿನ ಒದ್ದೆ ನೆಲದ ಮೇಲೆ ನಿಂತು ಸ್ವಿಚ್ಚು ಹಾಕ್ತೀರಿ. ಅದು ನನಗೆ ಬೇಡ. ನೀವು ಬಿಟ್ಟ ಮೇಲೆ ಇನ್ನೊಬ್ಬಳು ಬರ್ತಾಳೆ, ಅವಳ ಮಂಡಿ ಹೇಗಿರುತ್ತೋ. ಬರೆದದ್ದು ನೆಟ್ಟಗಿರಬೇಕು."

ಮಾರನೆಯ ಬೆಳಿಗ್ಗೆಯಿಂದ ಸ್ಕ್ರಿಪ್ಟು ತಿದ್ದಲು ಕೂತರು. ಅವನ ಬೆರಳಿಗೆ ಕೀಲಿಮಣೆ ಬಾಯಿಪಾಠ. ಅವನು ಒಂದು ಸಾಲು ಬರೆಯುವುದು, ಅವಳು ಬೆರಳಿಟ್ಟು ಕಂಡದ್ದನ್ನು ಹೇಳುವುದು. ಹತ್ತು ಎಣಿಸುವಷ್ಟು ಹೊತ್ತು ಕಾದು ಮತ್ತೆ ಕೇಳು, ಸಿಗದಿದ್ದರೆ ಮತ್ತೆ ಕಾದು ಮತ್ತೆ ಕೇಳು, ಸಂಜೆಯವರೆಗೂ ಕೇಳುತ್ತಲೇ ಇರು ಎಂದು ಬರೆಯಬೇಕಿತ್ತು. ಎರಡು ದಿನ ಅದು ಓಡಲಿಲ್ಲ. ಏನೋ ತಪ್ಪಿದೆ ಎಂದು ಯಂತ್ರ ಬೈಯುತ್ತಿತ್ತು, ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಮೂರನೇ ದಿನ ಬೀಗದಮ್ಮ ಎದ್ದು ನಿಂತಳು.

"ತಮ್ಮ! ಮೇಲಿನ ಸಾಲುಗಳಲ್ಲೆಲ್ಲ ಜೋಡಿಕೊಕ್ಕೆ ಮಾತಿನ ಮುಂದೂ ಇದೆ, ಹಿಂದೂ ಇದೆ. ಏಳನೇ ಸಾಲಲ್ಲಿ ಮುಂದೆ ಮಾತ್ರ ಇದೆ. ಹಿಂದಿನ ಬಾಗಿಲು ಹಾಕೇ ಇಲ್ಲ."

"ಹದಿನೇಳು ಬಾಗಿಲು ಹಾಕೋರಿಗೆ ಅಲ್ಲದೆ ಇನ್ಯಾರಿಗೆ ಕಾಣುತ್ತೆ ಅದು!" ಎಂದು ಅವನು ಕೂಗಿದ. ಕೊಕ್ಕೆ ಹಾಕಿದ. ಸ್ಕ್ರಿಪ್ಟು ಓಡಿತು.

ಆ ಸಂತೋಷದಲ್ಲಿ ಬಾಗಿಲಲ್ಲಿ ನಿಂತಿದ್ದ ಗುಮಾಸ್ತನನ್ನು ಯಾರೂ ನೋಡಲಿಲ್ಲ. ಬೀಗದಮ್ಮ ಪರದೆಯ ಮೇಲೆ ಬೆರಳಿಟ್ಟು ಓದುತ್ತಿದ್ದಾಳೆ, ತಂತಿಯಣ್ಣ ಗೋಡೆಯ ಕಡೆ ಮುಖ ಮಾಡಿಕೊಂಡು ಕೇಳುತ್ತಿದ್ದಾನೆ. ಗುಮಾಸ್ತ ಕೆಟ್ಟವನಲ್ಲ. ನಾಲಿಗೆಗೆ ಬಾಗಿಲಿಲ್ಲ, ಅಷ್ಟೆ. ಚಹಾದ ಹೊತ್ತಿಗೆ ಅದು ನಗೆಚಾಟಿಕೆಯಾಯಿತು, ಊಟದ ಹೊತ್ತಿಗೆ ಮೇಲಿನ ಮಹಡಿ ಮುಟ್ಟಿತು.

ದೊಡ್ಡ ಡಾಕ್ಟರು ತಂತಿಯಣ್ಣನನ್ನು ಕರೆಸಿ ಒಂದು ಕಾಗದ ಎತ್ತಿ ಹಿಡಿದರು. ಬೀಗದಮ್ಮ ಬಾಗಿಲ ಹೊರಗೆ ಬಕೆಟ್ಟು ಹಿಡಿದು ನಿಂತಿದ್ದಳು.

"ಇದರಲ್ಲಿ ಏನಿದೆ ಓದಿ."

"ಕಾಗದ ಅನ್ನೋದು ಸದ್ದಿನಿಂದ ಗೊತ್ತಾಯ್ತು ಮೇಡಂ. ಅದಕ್ಕಿಂತ ಹೆಚ್ಚು ಹೇಳಿದ್ರೆ ಸುಳ್ಳಾಗುತ್ತೆ."

"ಟಿವಿ ಸರಿಯಾಯ್ತಂತೆ. ಏನಾಗಿತ್ತು?"

"ನಾನು ಬರೆದದ್ದರಲ್ಲಿ ತಪ್ಪಿತ್ತು. ಬೇರೆ ಯಾರ ತಪ್ಪೂ ಇಲ್ಲ."

ಬೀಗದಮ್ಮ ಬಕೆಟ್ಟು ಕೆಳಗಿಟ್ಟಳು. ಒಳಗೆ ಹೋಗಿ, ನನ್ನ ಮಂಡಿ, ನನ್ನ ಸ್ವಿಚ್ಚು ಎಂದು ಹೇಳಬೇಕೆಂದು ಹೊಸ್ತಿಲವರೆಗೆ ಹೋದಳು. ಅವಳ ಹೆಜ್ಜೆಯ ಸದ್ದು ಅವನಿಗೆ ಕೇಳಿಸಿತು. ಬೆನ್ನ ಹಿಂದೆ ಕೈ ಆಡಿಸಿ, ಬೇಡ ಎಂದ. ಅವಳು ನಿಂತಳು. ಕಾಗದದ ಪ್ರಕಾರ ಅವಳ ನಿವೃತ್ತಿಯ ವಯಸ್ಸು ಎಂದೋ ದಾಟಿತ್ತು. ಬಾಯಿಬಿಟ್ಟರೆ ಅವಳ ಕೆಲಸವೂ ಹೋಗುತ್ತಿತ್ತು. ಅದು ಅವನಿಗೂ ಗೊತ್ತಿತ್ತು.

ದೊಡ್ಡ ಡಾಕ್ಟರು ಅಂದೇ ಅವನನ್ನು ಪರೀಕ್ಷೆಗೆ ಕಳಿಸಿದರು. ರೋಗ ಕಣ್ಣಿನದಾಗಿರಲಿಲ್ಲ. ತಲೆಯೊಳಗೆ ಗಡ್ಡೆ ಬೆಳೆದು ಕಣ್ಣಿನ ನರವನ್ನು ಒತ್ತುತ್ತಿತ್ತು. ಎರಡು ವರ್ಷದ ಹಿಂದೆ ಬಂದಿದ್ದರೆ ತೆಗೆಯಬಹುದಿತ್ತು ಎಂದರು. ಐದಾರು ತಿಂಗಳ ಹಿಂದೆ ಬಂದಿದ್ದರೂ ಪ್ರಯತ್ನ ಮಾಡಬಹುದಿತ್ತಂತೆ. ಚಹಾದ ಲೋಟ ಸರಿಸಿದ ಆ ದಿನಕ್ಕೂ ಐದಾರು ತಿಂಗಳೇ ಆಗಿದೆ ಎಂದು ಬೀಗದಮ್ಮ ಮನಸ್ಸಿನಲ್ಲೇ ಎಣಿಸಿದಳು.

ಕೆಲಸ ಹೋಯಿತು. ಅವನು ಹದಿಮೂರು ಮೆಟ್ಟಿಲು ಹತ್ತಿ ಮೇಲೆ ಹೋದವನು ಮತ್ತೆ ತಾನಾಗಿ ಇಳಿಯಲಿಲ್ಲ.

ಮುಂದಿನ ವಾರ ಮೋಡ ಕವಿಯಿತು. ಬೀಗದಮ್ಮ ಬೇಕೆಂದೇ ಮೊದಲು ಚೀಟಿ ಕೋಣೆಗೆ ಹೋಗಿ ಕಂಪ್ಯೂಟರು ಹಾಕಿದಳು. ಆಮೇಲೆ ಹಾಲು ಒರೆಸಿದಳು. ನೆಲ ಒಣಗಿದ ಮೇಲೆ ಟಿವಿಯ ಸ್ವಿಚ್ಚು ಹಾಕಿ ಎದುರು ನಿಂತಳು. ಕಪ್ಪು. ಮನಸ್ಸಿನಲ್ಲಿ ಎಣಿಸಿದಳು. ಏಳಕ್ಕೆ ಬರುವಾಗ ಪರದೆ ಒಮ್ಮೆ ಮಿಣುಕಿ ಬೆಳಗಿತು. ಮೊದಲ ನಂಬರು ಬಂತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಮಧ್ಯಾಹ್ನ ಮೆಟ್ಟಿಲು ಹತ್ತಿ ಅವನ ಮಂಚದ ಪಕ್ಕ ಕೂತು ಹೇಳಿದಳು: "ಬಂತು ತಮ್ಮ."

"ಎಷ್ಟು ಎಣಿಸಿದಿರಿ?"

"ಏಳು."

"ಹತ್ತರೊಳಗೇ ಬಂತು," ಎಂದು ಅವನು ತೃಪ್ತಿಯಿಂದ ಮಗ್ಗುಲಾದ.

ಅವನು ಮಂಚ ಹಿಡಿದಿದ್ದ ಆ ಮೂರು ತಿಂಗಳು ಅವಳು ದಿನಾ ಹೋಗುತ್ತಿದ್ದಳು. ಮುದುಕಿ ಅತ್ತೆ ಅವನಿಗೆ ತುತ್ತು ಮಾಡಿ ಉಣಿಸುತ್ತಿದ್ದಳು, ಉಣಿಸುತ್ತಲೇ ಬೈಯುತ್ತಿದ್ದಳು. "ನನ್ನ ಮಗಳನ್ನ ನೋಡ್ಕೊಳ್ಳೋಕೆ ನಿನಗೆ ಕಣ್ಣಿರಲಿಲ್ಲ. ಈಗ ನಿಜವಾಗ್ಲೂ ಇಲ್ಲ. ಬಾಯಿ ತೆಗಿ." ಅವನು ಬಾಯಿ ತೆರೆಯುತ್ತಿದ್ದ. ಒಂದು ದಿನ ಅವನು ನಿದ್ದೆಯಲ್ಲಿದ್ದಾಗ ಮುದುಕಿ ಬೀಗದಮ್ಮನ ಹತ್ತಿರ ಬಂದು ಖಾಲಿ ಊಟದ ಡಬ್ಬಿ ತೋರಿಸಿದಳು. "ಇದರ ಮುಚ್ಚಳ ಸಡಿಲ. ನಾನು ಬಿಗಿಯಾಗಿ ಹಾಕದಿದ್ರೆ ಸಾರು ಚೆಲ್ಲಿ ಇವನ ಬಟ್ಟೆಯೆಲ್ಲ ಹಾಳಾಗ್ತಿತ್ತು. ಕೋಪಕ್ಕೆ ಹಾಕ್ತೀನಿ ಅಂತ ಅಂದ್ಕೊಂಡಿದ್ದ, ಪೆದ್ದ." ಅಷ್ಟು ಹೇಳಿ ಡಬ್ಬಿಯನ್ನು ಕಪಾಟಿನ ಮೇಲಿಟ್ಟಳು. ಇನ್ನು ಅದಕ್ಕೆ ಕೆಲಸವಿರಲಿಲ್ಲ.

ಕೊನೆಯ ಸಲ ಬೀಗದಮ್ಮ ಹೋದ ದಿನವೂ ಮೋಡವೇ. ಮೆಟ್ಟಿಲು ಹತ್ತುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅವನು ಹೆಜ್ಜೆ ಎಣಿಸುತ್ತಿದ್ದ. "ಹದಿಮೂರು," ಎಂದ, ಅವಳು ಬಾಗಿಲಿಗೆ ಬಂದಾಗ. ಧ್ವನಿ ಸಣ್ಣಗಾಗಿತ್ತು. ಅತ್ತೆ ಒಳಗೆ ಅಡುಗೆ ಕೋಣೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು.

"ಅಕ್ಕ, ಹತ್ತಿರ ಬನ್ನಿ. ಅವರಿಗೆ ಕೇಳಬಾರದು."

ಅವಳು ಬಗ್ಗಿದಳು.

"ನಾನು ಹೋದ ಮೇಲೂ ಆಗಾಗ ಬನ್ನಿ. ಮಂಡಿನೋವು ಇಲ್ಲದ ದಿನ ಬಂದ್ರೆ ಸಾಕು. ಒಂದೇ ಒಂದು ಮಾತು. ನಮ್ಮ ಅತ್ತೆ ಮೊದಲನೇ ಸಲ ಕರೆದ್ರೆ ಓಗೊಡೋದಿಲ್ಲ. ಕಿವಿ ಸರಿಯಾಗೇ ಇದೆ, ಹಠ ಅಷ್ಟೆ. ಬಾಗಿಲಲ್ಲಿ ಒಂದು ಸಲ ಕೂಗಿ, ಯಾರೂ ಇಲ್ಲ ಅಂತ ಮೆಟ್ಟಿಲು ಇಳಿದುಬಿಡಬೇಡಿ. ಹತ್ತು ಎಣಿಸಿ. ಮತ್ತೆ ಕರೀರಿ."